ಬಿಸಿಲ ನಾಡಿನ ಬಿಳಿ ಚರ್ಮ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತದೆ ಅನ್ನುವ ಮಾತು ವಿಜಯಪುರದ ಮಟ್ಟಿಗೆ ನೂರಕ್ಕೆ ನೂರು ಖರೆ. ಹೋಳಿ ಹುಣ್ಣಿಮೆ ದಾಟುವಷ್ಟರಲ್ಲಿ ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟಲು ಶುರು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ‘ಈ ಸಲ ಬ್ಯಾಸಗಿ ಜಲ್ದಿ ಬಂತು’ ಅಂತ ಇನ್ನೊಂದು ಲೋಟ ಮಜ್ಜಿಗೆ ಕುಡಿಯುತ್ತಾರೆ, ಅಷ್ಟೇ. ಅದೇ ಹೊತ್ತಿಗೆ ಮನೆಮನೆಯಲ್ಲೂ ಹೆಣ್ಣುಮಕ್ಕಳಿಗೆ ಒಂದು ಬುದ್ಧಿಮಾತು ಹೇಳುವುದು ನಡೆಯುತ್ತದೆ: ‘ಬಿಸಲಾಗ ಅಡ್ಡಾಡಬ್ಯಾಡವಾ, ಕರ್ರಗಾಗ್ತಿ.’

ನನಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಎಷ್ಟು ಹೊತ್ತು ಬಿಸಿಲಲ್ಲಿ ನಿಂತರೂ ನಾನು ಕರ್ರಗಾಗುವುದಿಲ್ಲ. ಕೆಂಪಾಗುತ್ತೇನೆ, ಉರಿಯುತ್ತದೆ, ಗುಳ್ಳೆ ಏಳುತ್ತವೆ, ಚರ್ಮ ಸುಲಿಯುತ್ತದೆ, ಕೊನೆಗೆ ಮತ್ತೆ ಬೆಳ್ಳಗಾಗುತ್ತೇನೆ. ನನಗೆ ಹುಟ್ಟಿನಿಂದ ಆಲ್ಬಿನಿಸಂ ಇದೆ. ಕೂದಲು, ಹುಬ್ಬು, ರೆಪ್ಪೆ ಎಲ್ಲ ತಿಳಿ ಹಳದಿ. ಕಣ್ಣು ಬೂದು ನೀಲಿ. ಗೋಲಗುಮ್ಮಟ ನೋಡಲು ಬಂದ ಪ್ರವಾಸಿಗರು ನನ್ನನ್ನು ಫಾರಿನ್‌ನವಳು ಅಂದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ನಾನು ‘ಏನ್ರಿ, ಯಾ ಊರು ನಿಮ್ದು?’ ಅಂದ ಕೂಡಲೇ ಅವರ ಮುಖ ನೋಡಬೇಕು.

ಇದು ತೊನ್ನಲ್ಲ. ತೊನ್ನಿನಲ್ಲಿ ಮೊದಲು ಬಣ್ಣ ಇದ್ದು ಆಮೇಲೆ ಅಲ್ಲಲ್ಲಿ ಹೋಗುತ್ತದೆ. ನಮ್ಮಲ್ಲಿ ಬಣ್ಣ ತಯಾರಾಗುವುದೇ ಇಲ್ಲ, ಇಲ್ಲವೇ ಬಹಳ ಕಡಿಮೆ ಆಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸಲು ಟೈರೊಸಿನೇಸ್ ಅನ್ನುವ ಕಿಣ್ವ ಬೇಕು. ಆ ಕಿಣ್ವದ ಜೀನಿನಲ್ಲಿ, ಅಥವಾ ಅದಕ್ಕೆ ಸಂಬಂಧಪಟ್ಟ ಬೇರೆ ಜೀನುಗಳಲ್ಲಿ, ದೋಷ ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಪ್ಪ ಅಮ್ಮ ಇಬ್ಬರೂ ದೋಷ ಇರುವ ಒಂದೊಂದು ಜೀನನ್ನು ಒಳಗೇ ಇಟ್ಟುಕೊಂಡಿರುತ್ತಾರೆ, ಅವರಿಗೆ ಮಾತ್ರ ಏನೂ ಆಗಿರುವುದಿಲ್ಲ. ಅಂಥವರಿಗೆ ಪ್ರತಿ ಸಲ ಮಗು ಆಗುವಾಗಲೂ 25 ಪರ್ಸೆಂಟ್ ಸಾಧ್ಯತೆ. ನನ್ನ ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನು. ನಮ್ಮ ಕಡೆ ಅದೇನು ದೊಡ್ಡ ಸುದ್ದಿಯಲ್ಲ, ಎಲ್ಲರ ಮನೆಯಲ್ಲೂ ಅಂಥ ಒಂದೆರಡು ಜೋಡಿ ಇರುತ್ತವೆ. ಒಂದೇ ಮನೆತನದವರಾದರೆ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇಷ್ಟೇ ಇದರ ಗುಟ್ಟು.

ಆದರೆ ಇದನ್ನು ಯಾರಾದರೂ ಅಮ್ಮನಿಗೆ ಕೂರಿಸಿಕೊಂಡು ಹೇಳುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ಊರವರ ಲೆಕ್ಕವೇ ಬೇರೆ. ಬಸುರಿ ಇದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಂತೆ. ಕೇಸರಿ ಹಾಲು ಹೆಚ್ಚು ಕುಡಿದಳಂತೆ. ಯಾವುದೋ ದೇವರ ಹರಕೆ ಮರೆತಳಂತೆ. ತಪ್ಪೆಲ್ಲ ಅಮ್ಮನ ತಲೆಗೇ. ಅಪ್ಪ ಗ್ರಹಣದ ದಿನ ಎಲ್ಲಿದ್ದ ಅಂತ ಒಬ್ಬರೂ ಕೇಳಲಿಲ್ಲ, ಅಲ್ವಾ?

ಇನ್ನು ಬಣ್ಣದ ವಿಷಯ. ನಮ್ಮ ಕಡೆ ‘ಹುಡಗಿ ಕೆಂಪಗ ಅದಾಳ’ ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ವರ ನೋಡುವವರು ಮೊದಲು ಕೇಳುವುದೂ ಅದನ್ನೇ. ಒಂದು ಕ್ರೀಮು 1975ರಿಂದ ಇದೇ ಆಸೆಯ ಮೇಲೆ ಮನೆಮನೆಯ ಕನ್ನಡಿ ಮುಂದೆ ಕೂತಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಕೊಳ್ಳುವವರ ಆಸೆ ಬದಲಾಗಲಿಲ್ಲ. ಆದರೆ ಬಿಳುಪಿಗೂ ಒಂದು ಗೆರೆ ಇದೆ. ಗೆರೆಯ ಈಚೆ ಇದ್ದರೆ ‘ಏನ್ ಕಳೆ ಐತವಾ’ ಅನ್ನುತ್ತಾರೆ, ಆಚೆ ಹೋದರೆ ‘ಪಾಪ, ಏನಾಗೇತಿ?’ ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಹಿಂದಿನಿಂದ ನನ್ನ ಕೈ ಕಂಡು ಹೊಗಳಿದ ಹೆಂಗಸರೇ ಮುಂದೆ ಬಂದು ಮುಖ ನೋಡಿ ಸುಮ್ಮನಾಗಿದ್ದಾರೆ. ಒಂದೇ ಮೈ, ಒಂದೇ ಬಣ್ಣ. ಎರಡು ಹೆಜ್ಜೆಯಲ್ಲಿ ಅಸೂಯೆ ಹೋಗಿ ಕನಿಕರ ಬಂತು. ಎರಡೂ ನನಗೆ ಬೇಕಿರಲಿಲ್ಲ.

ಶಾಲೆಗೆ ಹೋಗುವಾಗ ಅಮ್ಮ ನನ್ನ ಕೂದಲಿಗೆ ಕಪ್ಪು ಹಚ್ಚುತ್ತಿದ್ದಳು. ಹುಬ್ಬಿಗೆ ಪೆನ್ಸಿಲ್. ಮಕ್ಕಳು ಚಾಳಿಸಬಾರದು ಅನ್ನುವುದಷ್ಟೇ ಅವಳ ಉದ್ದೇಶ. ನೆತ್ತಿ ತುರಿಸುತ್ತಿತ್ತು, ಬೆವರಿದಾಗ ಹಣೆಯ ಮೇಲೆ ಕಪ್ಪು ನೀರು ಇಳಿಯುತ್ತಿತ್ತು. ವಾರ ಕಳೆದರೆ ಬೈತಲೆಯಲ್ಲಿ ಬಿಳಿ ಬುಡ ಕಾಣುತ್ತಿತ್ತು. ಪಿಯುಸಿ ಮುಗಿಸಿ ಕಾಲೇಜಿಗೆ ಬಂದ ವರ್ಷ ಅದನ್ನು ಬಿಟ್ಟೆ. ಅದರಲ್ಲಿ ಭಾರಿ ಧೈರ್ಯ ಏನೂ ಇರಲಿಲ್ಲ, ಬೇಸರ ಬಂದಿತ್ತು. ಮೊದಲ ದಿನ ಕ್ಲಾಸಿನವರು ನೋಡಿದರು, ಎರಡನೇ ದಿನವೂ ನೋಡಿದರು. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಇಂಟರ್ನಲ್ ಪರೀಕ್ಷೆಯ ಚಿಂತೆ ಹತ್ತಿತು. ಅಷ್ಟೇ ಆದದ್ದು.

ಬಿಳಿ ಚರ್ಮವನ್ನು ಕಾಪಾಡುವುದು ಅಂದರೆ ಬಣ್ಣ ಉಳಿಸಿಕೊಳ್ಳುವುದು ಅಂತಲೇ ನಮ್ಮವರು ತಿಳಿದಿದ್ದಾರೆ. ಕೊಡೆ ಹಿಡಿದ ಹೆಣ್ಣು ಕಂಡರೆ ಬಣ್ಣ ಕೆಡುತ್ತದೆ ಅನ್ನುವ ಚಿಂತೆ ಇವಳಿಗೆ ಅಂದುಕೊಳ್ಳುತ್ತಾರೆ. ನನಗೆ ಬಣ್ಣದ ಚಿಂತೆಯೇ ಇಲ್ಲ, ಅದು ಎಲ್ಲೂ ಹೋಗುವುದಿಲ್ಲ. ನಾನು ಉಳಿಸಿಕೊಳ್ಳಬೇಕಾದದ್ದು ಚರ್ಮವನ್ನು. ಮೆಲನಿನ್ ಇದ್ದವರಿಗೆ ಅದು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಅದು ಇಲ್ಲದಿದ್ದರೆ ಪೆಟ್ಟು ನೇರವಾಗಿ ಬೀಳುತ್ತದೆ. ಮೊದಲು ಸುಡುವುದು, ಆಮೇಲೆ ಚರ್ಮ ದೊರಗಾಗುವುದು, ಕಡೆಗೆ ಚರ್ಮದ ಕ್ಯಾನ್ಸರ್. ನಮ್ಮಂಥವರಲ್ಲಿ ಅದು ಉಳಿದವರಿಗಿಂತ ಜಾಸ್ತಿ, ಅದೂ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಮುಖ, ಕಿವಿ, ಕುತ್ತಿಗೆ, ಮುಂಗೈ ಇವೇ ಅದರ ಜಾಗ. ಕೊಡೆ ನನಗೆ ಸಿಂಗಾರದ ಸಾಮಾನಲ್ಲ.

ಸುಡುವುದು ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಶಾಲೆಯಲ್ಲಿ ಒಂದು ಆಗಸ್ಟ್ 15. ಮೋಡ ಇತ್ತು, ಗಾಳಿ ತಂಪಾಗಿತ್ತು. ಬಿಸಿಲೇ ಇಲ್ಲ ಅಂತ ಮಾಸ್ತರರು ನನ್ನನ್ನು ಸಾಲಿನಲ್ಲಿ ನಿಲ್ಲಿಸಿದರು. ಧ್ವಜ, ಭಾಷಣ, ಮತ್ತೊಂದು ಭಾಷಣ, ಪೇಡೆ. ಮನೆಗೆ ಬಂದಾಗ ಏನೂ ಆಗಿರಲಿಲ್ಲ. ಸಂಜೆಗೆ ಮುಖ ಬಿಸಿಯಾಯಿತು. ರಾತ್ರಿ ದಿಂಬಿಗೆ ಕಿವಿ ತಾಗಿಸಲು ಆಗಲಿಲ್ಲ. ಮರುದಿನ ಬೆಳಗ್ಗೆ ಕಿವಿಯ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ನೀರುಗುಳ್ಳೆ. ಬೈತಲೆಯ ಗೆರೆ ಕುಂಕುಮ ಹಚ್ಚಿದಷ್ಟು ಕೆಂಪು. ಕತ್ತಿನ ಹಿಂಭಾಗದಲ್ಲಿ ಕಾಲರ್ ಎಲ್ಲಿ ಮುಗಿದಿತ್ತೋ ಅಲ್ಲಿಂದ ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ. ಬಿಸಿಲಿನ ಸುಡುವಿಕೆಯ ಮೋಸ ಇದು. ಆಗುವಾಗ ತಿಳಿಯುವುದಿಲ್ಲ, ಕೆಲವು ತಾಸಿನ ಮೇಲೆ ಶುರುವಾಗಿ ಮರುದಿನಕ್ಕೆ ಪೂರ್ತಿ ಏರುತ್ತದೆ.

ಓಣಿಯ ಹೆಂಗಸರು ಮದ್ದು ತಂದರು. ಒಬ್ಬರು ಮೊಸರು, ಒಬ್ಬರು ಕಡ್ಲಿ ಹಿಟ್ಟು, ಒಬ್ಬರು ಅರಿಷಿಣ. ಒಬ್ಬರಂತೂ ಇಂಡಿ ತಾಲೂಕಿನಿಂದ ಬಂದ ತಾಜಾ ಲಿಂಬೆಹಣ್ಣು ಹೋಳು ಮಾಡಿಕೊಂಡೇ ಬಂದಿದ್ದರು. ನಮ್ಮ ಜಿಲ್ಲೆಯ ಲಿಂಬೆಗೆ ದೊಡ್ಡ ಹೆಸರು, ನನಗೂ ಅದರ ಉಪ್ಪಿನಕಾಯಿ ಅಂದರೆ ಪ್ರಾಣ. ಆದರೆ ಬಿಸಿಲಿಗೆ ಹೋಗುವ ಚರ್ಮಕ್ಕೆ ಲಿಂಬೆ ರಸ ಹಚ್ಚಲೇಬಾರದು. ಅದರಲ್ಲಿರುವ ಕೆಲವು ರಾಸಾಯನಿಕಗಳು ಅತಿನೇರಳೆ ಕಿರಣ ಬಿದ್ದಾಗ ಚರ್ಮವನ್ನು ಇನ್ನಷ್ಟು ಸುಡುತ್ತವೆ. ಬಣ್ಣ ಇರುವವರ ಚರ್ಮಕ್ಕೂ ಇದು ಆಗುತ್ತದೆ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಸುಟ್ಟ ಮೇಲೆ ಮಾಡಬೇಕಾದದ್ದು ಬಹಳ ಸರಳ. ನೆರಳಿಗೆ ಬರಬೇಕು. ತಣ್ಣೀರಿನಲ್ಲಿ ಅದ್ದಿದ ಅರಿವೆ ಇಡಬೇಕು, ಐಸನ್ನು ನೇರವಾಗಿ ಒತ್ತಬಾರದು. ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ನೀರು ಜಾಸ್ತಿ ಕುಡಿಯಬೇಕು. ಗುಳ್ಳೆ ಒಡೆಯಬಾರದು. ಜ್ವರ ಬಂದರೆ, ಗುಳ್ಳೆ ಜಾಸ್ತಿ ಎದ್ದರೆ ಡಾಕ್ಟರು.

ಮೋಡ ಇದ್ದರೂ ಯಾಕೆ ಸುಟ್ಟಿತು? ಸೆಕೆಗೂ ಅತಿನೇರಳೆ ಕಿರಣಕ್ಕೂ ನಾವು ಅಂದುಕೊಂಡಷ್ಟು ಸಂಬಂಧ ಇಲ್ಲ. ತೆಳು ಮೋಡ ಸೆಕೆ ತಗ್ಗಿಸುತ್ತದೆ, ಕಿರಣಗಳನ್ನು ಮಾತ್ರ ಬಹುಪಾಲು ಒಳಗೆ ಬಿಡುತ್ತದೆ. ಸೂರ್ಯ ನೆತ್ತಿಗೆ ಎಷ್ಟು ಹತ್ತಿರ ಇದ್ದಾನೆ ಅನ್ನುವುದೇ ಮುಖ್ಯ. ವಿಜಯಪುರದಲ್ಲಿ ಮೇ 7ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಸುಮಾರು 12.25ಕ್ಕೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಹಾಗೇ ಆಗುತ್ತದೆ. ಅಂದರೆ ಆಗಸ್ಟ್ 15ರ ಹೊತ್ತಿಗೂ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಹೆಚ್ಚು ದೂರ ಸರಿದಿರುವುದಿಲ್ಲ. ಮಳೆಗಾಲ ಅಂತ ಹೆಸರಷ್ಟೇ.

ಮೊಬೈಲಿನಲ್ಲಿ ಹವಾಮಾನದ ಆ್ಯಪ್ ಇದ್ದರೆ ಅದರಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ. ಯುವಿ ಅಂದರೆ ಇದೇ ಅತಿನೇರಳೆ ಕಿರಣ. 3 ದಾಟಿದರೆ ಮೈ ಮುಚ್ಚಿಕೊಳ್ಳಬೇಕು, 8 ದಾಟಿದರೆ ಬಹಳ ಜಾಸ್ತಿ, 11 ಮತ್ತು ಅದರ ಮೇಲಿನದ್ದು ವಿಪರೀತ. ನಮ್ಮ ಬೇಸಿಗೆಯ ಮಧ್ಯಾಹ್ನ 11 ದಾಟುವುದು ಮಾಮೂಲು. ಆ್ಯಪ್ ಇಲ್ಲದಿದ್ದರೂ ತೊಂದರೆ ಇಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಯಿತು ಅಂದರೆ ಹೊರಗೆ ಇರುವ ಹೊತ್ತಲ್ಲ ಅಂತ ತಿಳಿಯಿರಿ. ನಾನು ಈಗಲೂ ಹೊರಗೆ ಕಾಲಿಟ್ಟ ಕೂಡಲೇ ನೆಲ ನೋಡುತ್ತೇನೆ. ಏನೋ ಕಳೆದಿದೆಯೇ ಅಂತ ಜನ ಕೇಳುತ್ತಾರೆ.

ಮೈ ಮುಚ್ಚಿಕೊಳ್ಳುವುದನ್ನು ನಾನು ಕಲಿತದ್ದು ಡಾಕ್ಟರಿಂದ ಅಲ್ಲ, ನಮ್ಮ ಕಾಕಾನ ದ್ರಾಕ್ಷಿ ತೋಟದ ಹೆಣ್ಣಾಳುಗಳಿಂದ. ತಿಕೋಟಾ ಕಡೆ ನಮ್ಮ ಊರು. ಅಲ್ಲಿ ಬೇಸಿಗೆ ಅಂದರೆ ದ್ರಾಕ್ಷಿ ಕೊಯ್ದು ಒಣಗಿಸುವ ಕಾಲ. ಕೆಲಸಕ್ಕೆ ಬರುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಫುಲ್ ತೋಳಿನ ಅಂಗಿ ಹಾಕಿ, ಮುಂಗೈವರೆಗೂ ಗುಂಡಿ ಬಿಗಿದಿರುತ್ತಾರೆ. ತಲೆಗೆ ಟಾವೆಲ್ ಸುತ್ತಿ, ಅದರ ಒಂದು ತುದಿ ಕತ್ತಿನ ಹಿಂದೆ ಇಳಿಬಿಟ್ಟಿರುತ್ತಾರೆ. ಕಾಣುವುದು ಕಣ್ಣು, ಮೂಗು, ಬೆರಳು ಮಾತ್ರ. ಅವರೆಲ್ಲ ಕಪ್ಪು ಚರ್ಮದವರೇ. ಬಣ್ಣ ಉಳಿಸಿಕೊಳ್ಳುವ ಯೋಚನೆ ಒಬ್ಬರಿಗೂ ಇಲ್ಲ. ದಿನವೆಲ್ಲ ಬಿಸಿಲಲ್ಲಿ ದುಡಿಯುವವರಿಗೆ ಮೈ ತೆರೆದರೆ ಸುಸ್ತು ಜಾಸ್ತಿ ಅಂತ ಗೊತ್ತು, ಅಷ್ಟೇ. ಅವರನ್ನು ಕಂಡು ‘ಏನ್ ಒನಪು’ ಅಂತ ಯಾರೂ ಅನ್ನುವುದಿಲ್ಲ. ಒಂದು ರಜೆಯಲ್ಲಿ ಅವರಲ್ಲೇ ಒಬ್ಬ ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇಂಥಾ ಚರ್ಮ ಇಟಗೊಂಡು ಗಿಡ್ಡ ತೋಳಿನ ಜಂಪರ ಹಾಕೀಯಲ್ಲ’ ಅಂತ ಬೈದು, ತನ್ನ ಬುತ್ತಿಗಂಟಿನಿಂದ ಒಂದು ಅಂಗಿ ಬಿಚ್ಚಿ ಕೊಟ್ಟಳು. ಬೆವರಿನ ವಾಸನೆ ಇತ್ತು. ಹಾಕಿಕೊಂಡೆ.

ಅದೇ ತೋಟದ ಶೆಡ್ಡಿನಲ್ಲಿ ಇನ್ನೊಂದು ಸಂಗತಿ ಇದೆ. ದ್ರಾಕ್ಷಿ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆದು, ತಂತಿ ಜಾಳಿಗೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಮೇಲೆ ಸೂರು, ಸುತ್ತ ಹಸಿರು ನೆಟ್. ಬಿಸಿಗಾಳಿ ಆಡಬೇಕು, ಬಿಸಿಲು ತಾಗಬಾರದು. ನೆರಳಲ್ಲಿ ಒಣಗಿದರೆ ಒಣದ್ರಾಕ್ಷಿ ಹಸಿರು ಹಳದಿ ಬಣ್ಣಕ್ಕೆ ನಿಲ್ಲುತ್ತದೆ, ಬಿಸಿಲಿಗೆ ಬಿದ್ದರೆ ಕಂದಾಗುತ್ತದೆ, ಮಾರ್ಕೆಟ್ಟಿನಲ್ಲಿ ರೇಟು ಇಳಿಯುತ್ತದೆ. ದ್ರಾಕ್ಷಿಯನ್ನು ಕಂದು ಮಾಡುವುದೂ ಒಂದು ಕಿಣ್ವ. ಅದು ನನ್ನಲ್ಲಿ ಕೆಲಸ ಮಾಡದ ಟೈರೊಸಿನೇಸಿನ ಬಳಗಕ್ಕೇ ಸೇರಿದ್ದು, ಎರಡಕ್ಕೂ ತಾಮ್ರವೇ ಆಧಾರ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಳಗದಿಂದ. ಇದನ್ನು ಓದಿದ ದಿನ ಕಾಕಾನಿಗೆ ಫೋನ್ ಮಾಡಿ ಹೇಳಿದೆ. ‘ಹಂಗಾರ ನೀ ನಮ್ಮ ಒಂದ್ನೇ ನಂಬರ್ ಮಾಲು ಬಿಡವಾ’ ಅಂದ. ನಾನೂ ಆ ಮಾಲಿನ ಹಾಗೇ, ನೆಟ್ಟಿನ ಒಳಗೆ ಗಾಳಿ ಸಾಕು. ದ್ರಾಕ್ಷಿಗೆ ಅದು ರೇಟಿನ ಪ್ರಶ್ನೆ, ನನಗೆ ಆರೋಗ್ಯದ್ದು.

ಹಾಗಾಗಿ ನನ್ನ ಬೇಸಿಗೆಯ ಮೊದಲ ಖರ್ಚು ಬಟ್ಟೆ. ಕ್ರೀಮ್ ಆಮೇಲೆ. ತೆಳು ಬಿಳಿ ಕಾಟನ್ ಬೇಸಿಗೆಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಸೆಕೆಗೆ ಹೌದು, ಕಿರಣಕ್ಕೆ ಅಲ್ಲ. ತೆಳು ಬಿಳಿ ಬಟ್ಟೆಯ ಮೂಲಕ ಅತಿನೇರಳೆ ಕಿರಣ ಸಲೀಸಾಗಿ ಒಳಗೆ ಬರುತ್ತದೆ. ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತದೆ. ಅಂಗಡಿಯಲ್ಲಿ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿ. ಬೆಳಕು ಸೋರಿದರೆ ಬಿಸಿಲೂ ಸೋರುತ್ತದೆ. ನಾನು ಗುಳೇದಗುಡ್ಡದ ಖಣದಲ್ಲಿ ಪೂರ್ತಿ ತೋಳಿನ ಕುಪ್ಪಸ ಹೊಲಿಸುತ್ತೇನೆ. ಟೇಲರ್ ಮೊದಮೊದಲು ‘ಅಕ್ಕಾರ, ಈಗ ಹಿಂಗ ಯಾರೂ ಹಾಕೂದಿಲ್ರಿ’ ಅನ್ನುತ್ತಿದ್ದ. ಈಗ ಅವನೇ ಮುಂಗೈ ತನಕ ಅಳತೆ ತೆಗೆಯುತ್ತಾನೆ. ಆಫೀಸಿಗೆ ಇಳಕಲ್ ಸೀರೆ ಉಟ್ಟ ದಿನ ಸೆರಗು ತಲೆಯ ಮೇಲೆ ಹೊದ್ದು ನಡೆಯುತ್ತೇನೆ. ಹಿಂದೆ ನಮ್ಮ ಅಜ್ಜಿಯರು ಇದನ್ನು ಮರ್ಯಾದೆಗೆ ಮಾಡುತ್ತಿದ್ದರು. ಮಾವನ ಮುಂದೆ ಸೆರಗು ಹೊದೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಸೂರ್ಯನ ಮುಂದೆ ಧಾರಾಳವಾಗಿ ಹೊದೆಯುತ್ತೇನೆ.

ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣಕ್ಕೆ ಸಂಬಂಧಿಸಿದ್ದು. 30 ಇದ್ದರೆ ಸುಮಾರು 97 ಪರ್ಸೆಂಟ್ ತಡೆಯುತ್ತದೆ, 50 ಇದ್ದರೆ 98. ಆ ಒಂದು ಪರ್ಸೆಂಟಿಗೆ ನಾನು 50 ಕೊಳ್ಳುತ್ತೇನೆ, ನನಗೆ ಅದು ಬೇಕು. ಉಳಿದವರಿಗೆ 30 ಧಾರಾಳ ಸಾಕು. ಇನ್ನು ಯುವಿಎ ಅಂತ ಇನ್ನೊಂದು ಕಿರಣ, ಅದು ಚರ್ಮದ ಒಳಗೆ ಆಳಕ್ಕೆ ಇಳಿಯುತ್ತದೆ, ಕಿಟಕಿ ಗಾಜನ್ನೂ ದಾಟುತ್ತದೆ. ಅದಕ್ಕೆ ಪಿಎ ಮುಂದೆ ಎಷ್ಟು ಪ್ಲಸ್ ಇವೆ ನೋಡಬೇಕು, ಅಥವಾ ಬ್ರಾಡ್ ಸ್ಪೆಕ್ಟ್ರಂ ಅಂತ ಬರೆದಿರಬೇಕು.

ಈ ಅಂಕಿಗಳೆಲ್ಲ ಲ್ಯಾಬಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ತೆಗೆದವು. ನಾವು ಹಚ್ಚುವುದು ಕಡಲೆಕಾಳಿನಷ್ಟು. ಅಷ್ಟಕ್ಕೆ ಡಬ್ಬಿಯ ಮೇಲಿನ 50 ನಿಮ್ಮ ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮ್ ಮುಖ ಮತ್ತು ಕತ್ತಿಗೆ ಬೇಕು. ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿದರೆ ಅದಕ್ಕೂ ಮೊದಲೇ. ಹೀಗೆ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ಮುಖಕ್ಕೊಂದಕ್ಕೇ ಎರಡು ವಾರ ಬಂದರೆ ಹೆಚ್ಚು. ಮೈಯೆಲ್ಲ ಹಚ್ಚಲು ಹೋದರೆ ಎರಡನೇ ಸಲಕ್ಕೇ ಸಾಲುವುದಿಲ್ಲ. ಸಂಬಳದಾರಳಾದ ನನಗೇ ಇದು ಭಾರ. ಕೂಲಿ ಮಾಡುವ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಏನು ಗತಿ? ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಬಟ್ಟೆ, ಟೋಪಿ, ಕೊಡೆ ಅನ್ನುವುದು. ಹಳೇ ಫುಲ್ ಅಂಗಿಗೆ ಎಕ್ಸ್‌ಪೈರಿ ಡೇಟ್ ಇಲ್ಲ.

ಜನ ಹಚ್ಚಲು ಮರೆಯುವ ಜಾಗಗಳು ಯಾವಾಗಲೂ ಅವೇ. ಕಿವಿಯ ಮೇಲಂಚು, ಬೈತಲೆ, ಕತ್ತಿನ ಹಿಂಭಾಗ, ಕೆಳತುಟಿ. ಚಪ್ಪಲಿ ಪಟ್ಟಿಯ ಆಚೀಚೆ ಪಾದದ ಮೇಲ್ಭಾಗ. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಮುಖದ ಮೇಲೆ ಬೆಳ್ಳಗೆ ಉಳಿಯುತ್ತದೆ ಅಂತ ಗೆಳತಿಯರೆಲ್ಲ ಗೊಣಗುತ್ತಾರೆ. ನನ್ನ ಮುಖದ ಮೇಲೆ ಅದು ಎಲ್ಲಿ ಹೋಯಿತು ಅಂತಲೇ ಕಾಣುವುದಿಲ್ಲ. ಇಡೀ ಜಿಲ್ಲೆಯಲ್ಲಿ ಆ ಕ್ರೀಮ್ ಸರಿಹೊಂದುವುದು ನನಗೊಬ್ಬಳಿಗೇ ಇರಬೇಕು!

ಒಂದು ಸಿಟ್ಟಿನ ಮಾತು. ಮೆಡಿಕಲ್ ಶಾಪಿನಲ್ಲಿ ಸನ್‌ಸ್ಕ್ರೀನ್ ಕೇಳಿದರೆ ಬಿಳುಪಿನ ಕ್ರೀಮೂ ಅದರ ಜೊತೆಗೇ ಬರುತ್ತದೆ. ನನ್ನ ಮುಖ ನೋಡಿಯೂ ಒಬ್ಬ ಹುಡುಗ ‘ಇದು ಗ್ಲೋ ಕೊಡ್ತೈತ್ರಿ ಮೇಡಂ’ ಅಂದ. ನಾನು ನಕ್ಕೆ. ಆದರೆ ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಅದನ್ನು ಕೊಂಡಳು. ಇಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಹಾಕಿದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತವೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಸಿಲನ್ನು ತಡೆಯುವ ಗಟ್ಟಿ ಚರ್ಮ ಇದ್ದವಳು ದುಡ್ಡು ಕೊಟ್ಟು ನನ್ನ ಕಷ್ಟ ಕೊಳ್ಳುತ್ತಿದ್ದಾಳೆ. ಅದನ್ನು ಅವಳಿಗೆ ಹೇಳಿದೆ. ‘ಆಂಟಿ, ನಿಮಗೇನ್ರಿ, ನೀವು ಬೆಳ್ಳಗದೀರಿ’ ಅಂದಳು.

ಕಣ್ಣಿನ ವಿಷಯ ಹೇಳದಿದ್ದರೆ ಅರ್ಧ ಹೇಳಿದಂತೆ. ಮೆಲನಿನ್ ಕಣ್ಣಿನ ಬೆಳವಣಿಗೆಗೂ ಬೇಕು. ಅದಿಲ್ಲದೆ ನಮ್ಮ ದೃಷ್ಟಿ ಮಂದ, ಚಷ್ಮಾ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ. ಕಣ್ಣುಗುಡ್ಡೆ ಸುಮ್ನೆ ಅತ್ತಿತ್ತ ಆಡುತ್ತಲೇ ಇರುತ್ತದೆ. ಬೆಳಕು ಚುಚ್ಚುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟಿನ ರಸ್ತೆ ನನಗೆ ಬರೀ ಬಿಳಿ ಪರದೆ. ಯುವಿ 400 ಅಂತ ಬರೆದ ಕಪ್ಪು ಕನ್ನಡಕ, ಅಂಚು ಅಗಲ ಇರುವ ಟೋಪಿ ಇಲ್ಲದೆ ಹೊರಗೆ ಹೋಗುವುದಿಲ್ಲ. ಕನ್ನಡಕ ಹಾಕಿದರೆ ‘ಹೀರೋಯಿನ್ ಬಂದಳು’ ಅನ್ನುವವರು ಇದ್ದೇ ಇರುತ್ತಾರೆ. ಅನ್ನಲಿ. ಸ್ಕೂಟಿ ಓಡಿಸುವಷ್ಟು ಕಣ್ಣು ಇಲ್ಲದ್ದರಿಂದ ನಡಿಗೆ, ಆಟೋ, ಸಿಟಿ ಬಸ್ಸು ಇವೇ ನನ್ನ ದಾರಿ. ಯಾವ ಓಣಿಯಲ್ಲಿ ಬೇವಿನ ಮರ ಇದೆ, ಯಾವ ಅಂಗಡಿಯ ತಗಡು ಎಷ್ಟು ಮುಂದೆ ಚಾಚಿದೆ, ಹನ್ನೊಂದಕ್ಕೆ ರಸ್ತೆಯ ಯಾವ ಮಗ್ಗುಲಿಗೆ ನೆರಳು, ಎಲ್ಲ ಬಾಯಿಪಾಠ. ಈ ಊರಿನ ಆದಿಲ್‌ಶಾಹಿ ಕಟ್ಟಡಗಳಲ್ಲಿ ನನಗೆ ಗೋಲಗುಮ್ಮಟ ಇಷ್ಟ, ಒಳಗೆ ಹೋದರೆ ತಂಪು, ಕಣ್ಣಿಗೂ ಹಿತ. ಎರಡನೇ ಅಲಿ ಆದಿಲ್‌ಶಾಹನ ಬಾರಾ ಕಮಾನಿಗೆ ಮಾತ್ರ ಬೇಸಿಗೆಯಲ್ಲಿ ಹೋಗುವುದಿಲ್ಲ. ಕಮಾನುಗಳೇನೋ ಚೆಂದ, ಆದರೆ ಸೂರು ಹಾಕುವುದನ್ನೇ ಬಿಟ್ಟಿದ್ದಾರೆ.

ವರ್ಷಕ್ಕೊಮ್ಮೆಯಾದರೂ ಚರ್ಮದ ಡಾಕ್ಟರ ಹತ್ತಿರ ಮೈಯೆಲ್ಲ ತೋರಿಸುತ್ತೇನೆ. ತಿಂಗಳಾದರೂ ಮಾಯದ ಹುಣ್ಣು, ದೊರಗು ಸಿಪ್ಪೆ ಬಂದು ಮತ್ತೆ ಮತ್ತೆ ಉದುರುವ ಜಾಗ, ಬೆಳೆಯುವ ಗಂಟು ಇವುಗಳ ಮೇಲೆ ಕಣ್ಣಿಡಬೇಕು. ಬಿಸಿಲಿಗೆ ಹೋಗದಿದ್ದರೆ ವಿಟಮಿನ್ ಡಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತೇನೆ, ಕಡಿಮೆ ಇದ್ದರೆ ಡಾಕ್ಟರು ಗುಳಿಗೆ ಬರೆದುಕೊಡುತ್ತಾರೆ.

ಗಾಂಧಿ ಚೌಕಿನ ಹತ್ತಿರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನನ್ನ ಕೆಲಸ. ಕಿಟಕಿ ಪಕ್ಕದ ಕುರ್ಚಿ ಬೇಡ ಅಂತ ಹೇಳಿ ಒಳಗಿನ ಮೂಲೆ ಪಡೆದಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯ ಜೊತೆ ಠೇವಣಿ ಬಿಡಿಸಲು ಬಂದಳು. ಕಂಕುಳಲ್ಲಿ ಕೂಸು. ಕೂಸಿನ ತಲೆ ಕೌಂಟರಿನ ಮೇಲೆ ಕಂಡ ಕೂಡಲೇ ನನಗೆ ತಿಳಿಯಿತು. ತಿಳಿ ಹಳದಿ ಕೂದಲು, ಬೆಳಕಿಗೆ ಮುಚ್ಚಿ ಮುಚ್ಚಿ ಹೋಗುವ ಕಣ್ಣು. ಅವಳು ನನ್ನನ್ನು ನೋಡಿದಳು, ನಾನು ಕೂಸನ್ನು ನೋಡಿದೆ. ಚೀಟಿ ಬರೆಯುವುದು ಬಿಟ್ಟು ಒಳಗೆ ಕರೆದೆ.

‘ಅಕ್ಕಾರ, ಯಾವ ಸಾಬಾಣ ಹಚ್ಚಿದ್ರ ಇಕೀಗಿ ಬಣ್ಣ ಬರತೈತ್ರಿ?’ ಅಂತ ಮೊದಲು ಕೇಳಿದ್ದು ಇದು.

ಯಾವುದರಿಂದಲೂ ಬರುವುದಿಲ್ಲ ಅಂದೆ. ಅವಳ ಮುಖ ಸಣ್ಣದಾಯಿತು. ಆಮೇಲೆ ಒಂದೊಂದೇ ಹೇಳಿದೆ. ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಚರ್ಮದವರು. ದೃಷ್ಟಿ ಎಷ್ಟು ಮಂದ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಗೂ ಜಾಗ ಇದೆ. ಅಳತೆಗೆ ಹೊಂದಿದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಬಹುದು, ಶಾಲೆಗೆ ಹಾಕುವಾಗ ಅದು ಕೆಲಸಕ್ಕೆ ಬರುತ್ತದೆ. ಶಾಲೆಯಲ್ಲಿ ಮೊದಲ ಬೆಂಚು ಕೇಳಿರಿ. ಆಟದ ಪಿರಿಯಡ್ಡು ಬೆಳಗ್ಗೆ ಇಲ್ಲವೇ ಸಂಜೆ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳು ಮತ್ತು ಬಟ್ಟೆಯೇ ಸಾಕು.

‘ಮನ್ಯಾಗ ಕುಂಚಿಗಿ ಐತೇನು?’ ಅಂತ ಕೇಳಿದೆ.

‘ಐತ್ರಿ. ತವರಮನಿಯವರು ಹೊಲಿಸಿದ್ದು. ಹಬ್ಬಕ್ಕಂತ ತೆಗದಿಟ್ಟೇವ್ರಿ.’

‘ದಿನಾ ಹಾಕ್ರಿ. ತಲಿ, ಕಿವಿ, ಕುತಗಿ, ಬೆನ್ನು ಎಲ್ಲಾ ಮುಚ್ಚತೈತಿ. ಅದಕ್ಕಿಂತ ಚಲೋ ಯಾವ ಅಂಗಡ್ಯಾಗೂ ಸಿಗೂದಿಲ್ಲ.’

ಅತ್ತೆ ಇಷ್ಟು ಹೊತ್ತೂ ನನ್ನ ಬಿಳಿ ಹುಬ್ಬು, ಕೈಬಳೆ, ಕೊರಳ ತಾಳಿ ನೋಡುತ್ತ ಕೂತಿದ್ದಳು. ಸೊಸೆ ಚೀಟಿಗೆ ಸಹಿ ಹಾಕುವಾಗ ನನ್ನ ಕಡೆ ಬಗ್ಗಿ, ಮೆಲ್ಲಗೆ ಕೇಳಿದಳು: ‘ನಿಮ್ದು ಮದುವಿ ಆಗೇತಲ್ರಿ. ಇಕೀದೂ ಆದೀತೇನ್ರಿ?’

‘ಇಕೀಗಿ ಇನ್ನಾ ಹಲ್ಲ ಬಂದಿಲ್ಲಲ್ರಿ ಯಮ್ಮಾ’ ಅಂದೆ. ‘ಮೊದ್ಲ ಆ ಕುಂಚಿಗಿ ಟ್ರಂಕಿನಿಂದ ತಗೀರಿ.’